ಯಮುನಮ್ಮನ ಮೆಸ್ಸಿಗೆ ಒಂದೇ ಸ್ಟಾರ್

ಇಂಗ್ಲಿಷಿನಲ್ಲಿ ಬೈಸಿಕೊಂಡರೆ ಅಷ್ಟೇನೂ ನೋವಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ನೋವಾಗುತ್ತದೆ. ಬೈದದ್ದು ಏನೆಂದು ಅರ್ಥವಾಗದೆ ಹೋದರಂತೂ ಇನ್ನೂ ಹೆಚ್ಚು ನೋವಾಗುತ್ತದೆ. ಶೃಂಗೇರಿಯ ಯಮುನಮ್ಮನವರಿಗೆ ಆದದ್ದು ಅದೇ. ಆದರೆ ಅದರ ಪೆಟ್ಟು ಬಿದ್ದದ್ದು ಮಾತ್ರ ಅವರ ಸೊಸೆ ಚೈತ್ರಳ ಮೇಲೆ.

ನಮ್ಮ ಪರಿಚಯ ಮೊದಲು ಹೇಳಿಬಿಡುತ್ತೇನೆ. ನಾನು ಸಂದೇಶ, ಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಯಜ್ಞೇಶ ನನ್ನ ಅಕ್ಕ ಅರ್ಪಣಾಳ ಗಂಡ, ಅಂದರೆ ನನ್ನ ಭಾವ. ಇನ್ಶೂರೆನ್ಸ್ ಕಂಪನಿಗಳಿಗೆ ಸರ್ವೇಯರ್. ಅಂಗಡಿ ಸುಟ್ಟಿತು, ಲಾರಿ ಮಗುಚಿತು ಎಂದು ಕ್ಲೇಮ್ ಬಂದರೆ ಹೋಗಿ ನೋಡಿ, ನಿಜವೋ ಸುಳ್ಳೋ ಎಂದು ಹೇಳುವುದು ಅವರ ಕೆಲಸ. ಸುಟ್ಟ ಅಂಗಡಿಯಲ್ಲಿ ಉಳಿದವರೆಲ್ಲ ಸುಟ್ಟದ್ದನ್ನು ನೋಡುತ್ತಿದ್ದರೆ ಈ ಮನುಷ್ಯ ಸುಡದೆ ಉಳಿದದ್ದನ್ನು ನೋಡುತ್ತಾ ನಿಂತಿರುತ್ತಾರೆ. ಈ ಚಟದಿಂದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆ ಹೆಸರಾಗಿ, ಈಗ ಮಿಕ್ಸಿ ಕಳೆದವರು, ನಾಯಿ ಕಳೆದವರು, ಮದುವೆ ಮನೆಯಲ್ಲಿ ಚಪ್ಪಲಿ ಕಳೆದವರು ಎಲ್ಲರೂ ಭಾವನ ಮನೆಗೇ ಬರುತ್ತಾರೆ. ಭಾವನಿಗೆ ಸ್ಕೂಟರ್ ಓಡಿಸಲು ಬರುವುದಿಲ್ಲ. ಹಾಗಾಗಿ ಪ್ರತಿ ಪತ್ತೇದಾರಿಕೆಗೂ ನಾನೇ ಡ್ರೈವರ್, ಪೆಟ್ರೋಲೂ ನನ್ನದೇ.

ಜನವರಿಯ ಒಂದು ಬೆಳಿಗ್ಗೆ ನಾನು ಅಕ್ಕನ ಮನೆಯಲ್ಲಿ ಅಕ್ಕಿ ರೊಟ್ಟಿ ತಿನ್ನುತ್ತಿದ್ದೆ. ಬಾಗಿಲಲ್ಲಿ ಬ್ಯಾಗು ಹಿಡಿದುಕೊಂಡು ಚೈತ್ರ ನಿಂತಿದ್ದಳು. ಕಣ್ಣು ಕೆಂಪಾಗಿತ್ತು. ಅಕ್ಕ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟಳು.

"ಯಜ್ಞೇಶಣ್ಣ, ನಾನು ಕಡಹಿನಬೈಲಿಗೆ ಹೊರಟಿದ್ದೀನಿ, ಅಮ್ಮನ ಮನೆಗೆ," ಎಂದಳು. "ಎನ್.ಆರ್. ಪುರದ ಬಸ್ಸಿಗೆ ಇನ್ನೂ ಹೊತ್ತಿದೆ. ನೀವು ಕಂಡುಹಿಡೀತೀನಿ ಅಂದ್ರೆ ನಿಲ್ತೀನಿ. ಇಲ್ಲಾಂದ್ರೆ ಹೋಗ್ತೀನಿ. ಹೋದ್ರೆ ಮತ್ತೆ ಶೃಂಗೇರಿ ಮೆಟ್ಟಿಲು ಹತ್ತಲ್ಲ."

"ಎಂತ ಆಯ್ತು ಹೇಳು ತಂಗಿ," ಎಂದರು ಭಾವ.

ಚೈತ್ರ ಹೇಳಿದ್ದು ಇಷ್ಟು. ಶೃಂಗೇರಿಯಲ್ಲಿ ಅವಳ ಅತ್ತೆ ಯಮುನಮ್ಮ ಬಹಳ ವರ್ಷದಿಂದ ಮೆಸ್ ನಡೆಸುತ್ತಿದ್ದಾರೆ. ಅವರ ಕೊಟ್ಟೆ ಕಡುಬು, ಎಳೆ ಬಿದಿರಿನ ಕಳಲೆ ಪಲ್ಯ ತಿಂದವರು ಮರೆಯುವುದಿಲ್ಲ. ಮೊದಲೆಲ್ಲ ಊರಿನ ಖಾಯಂ ಗಿರಾಕಿಗಳಷ್ಟೇ ಬರುತ್ತಿದ್ದರು. ಮದುವೆಯಾಗಿ ಬಂದ ಚೈತ್ರ ಡಿಗ್ರಿ ಓದಿದವಳು, ಚುರುಕು. ಮೆಸ್ಸಿನ ಫೋಟೋ ತೆಗೆದು ಫೋನಿನ ಮ್ಯಾಪಿಗೆ ಹಾಕಿದಳು. ಪ್ರವಾಸಿಗಳು ಹುಡುಕಿಕೊಂಡು ಬರತೊಡಗಿದರು, ಬಾಗಿಲ ತನಕ ಸಾಲು. ಜನ ಹೆಚ್ಚಾದರು ಎಂದು ಅವಳೇ ನಿಂತು ಕಿತ್ತಳೆ ಬಣ್ಣದ ಚೇರು ತರಿಸಿದಳು, ಹೊಸ ಫ್ಯಾನ್ ಹಾಕಿಸಿದಳು, ಗೋಡೆಗೆ ಗುಲಾಬಿ ಬಣ್ಣ ಹೊಡೆಸಿದಳು, ಬಾಳೆ ಎಲೆ ತೆಗೆದು ಸ್ಟೀಲ್ ತಟ್ಟೆ ಇಟ್ಟಳು, ಹೊಸ ಬೋರ್ಡು, ಟಿಶ್ಯೂ ಪೇಪರ್ ತಂದಳು, ಟೋಕನ್ ಪದ್ಧತಿ ಮಾಡಿದಳು. ಎರಡು ವಾರದ ಹಿಂದೆ ಒಂದು ಬೆಳಿಗ್ಗೆ ಟೋಕನ್ ನಂಬರ್ ಕೂಗಲು ಮೈಕನ್ನೂ ಇಟ್ಟಳು.

"ಆ ಮೈಕ್ ಒಂದೇ ಬೆಳಿಗ್ಗೆ ಇದ್ದಿದ್ದು," ಎಂದಳು ಚೈತ್ರ. "ಮಧ್ಯಾಹ್ನದ ಊಟಕ್ಕೆ ಮೊದ್ಲೇ ಅತ್ತೆ ವೈರ್ ಕಿತ್ತು ಬಿಸಾಕಿದ್ರು. ಅದಾಗಿ ಎರಡು ದಿನಕ್ಕೇ ಈ ದರಿದ್ರ ಶುರುವಾಗಿದ್ದು."

ಅವಳು ಫೋನ್ ತೆಗೆದು ನನ್ನ ಕೈಗೆ ಕೊಟ್ಟಳು. ಮೆಸ್ಸಿನ ಹೆಸರಿನ ಕೆಳಗೆ ಮೂರು ಹೊಸ ರಿವ್ಯೂ. ಮೂರಕ್ಕೂ ಒಂದೊಂದೇ ಸ್ಟಾರ್. ಬರೆದವರ ಹೆಸರು ಮಿಸ್ಟರ್ ಟೂರಿಸ್ಟ್, ಮಿಸ್ಟರ್ ಟ್ರಾವೆಲರ್, ಮಿಸ್ಟರ್ ವಿಸಿಟರ್. ಮೂರು ಜನವಂತೆ! ಒಂದೇ ಫೋನಿನಲ್ಲಿ ಮೂರು ಹೆಸರು ಮಾಡುವುದು ಎಂತ ದೊಡ್ಡ ವಿಷಯ? ನನ್ನ ಅಂಗಡಿಗೆ ಬಂದರೆ ಕಾಫಿ ಕುಡಿಯುವಷ್ಟರಲ್ಲಿ ಮಾಡಿಕೊಡುತ್ತೇನೆ.

"ಓದು ಸಂದೇಶ, ಜೋರಾಗಿ," ಎಂದರು ಭಾವ.

ನಾನು ಓದಿದೆ. ಮಿಸ್ಟರ್ ಟೂರಿಸ್ಟ್ ಹೀಗೆ ಬರೆದಿದ್ದ: "ಅಬಾಮಿನಬಲ್ ಚೇರ್. ಅಪಾಲಿಂಗ್ ಫ್ಯಾನ್. ಅಟ್ರೋಷಿಯಸ್ ಗೋಡೆ ಬಣ್ಣ. ಆಫುಲ್ ಟೋಕನ್." ಮಿಸ್ಟರ್ ಟ್ರಾವೆಲರ್: "ಬ್ಯಾಡ್ ಬೋರ್ಡ್. ಬೀಸ್ಟ್ಲಿ ಮೈಕ್. ಕಂಟೆಂಪ್ಟಿಬಲ್ ಸ್ಟೀಲ್ ಪ್ಲೇಟ್." ಮಿಸ್ಟರ್ ವಿಸಿಟರ್: "ಡಿಸ್ಗಸ್ಟಿಂಗ್ ಟಿಶ್ಯೂ ಪೇಪರ್. ಡ್ರೆಡ್‌ಫುಲ್ ಕ್ಯೂ. ಎಕ್ಸಿಕ್ರಬಲ್ ಟೋಕನ್." ಬೋರ್ಡು, ಗೋಡೆ, ಚೇರು ಎಲ್ಲವನ್ನೂ ಇಂಗ್ಲಿಷಿನಲ್ಲೇ ಬರೆದಿದ್ದ, ನಿಮಗಾಗಿ ನಾನು ಅಲ್ಲಲ್ಲಿ ಬಿಡಿಸಿದ್ದೇನೆ. ಅಸಹ್ಯ, ಭಯಂಕರ, ಘೋರ, ಹೇಯ, ನೀಚ ಎಂದು ಸುರಿದಿದ್ದ ಪುಣ್ಯಾತ್ಮ. ಒಂದು ಚೇರಿಗೆ ಇಷ್ಟು ಬೈಗುಳವೇ? ನನಗೆ ಓದಿ ಮುಗಿಸುವಷ್ಟರಲ್ಲಿ ಮೈ ಉರಿದುಹೋಯಿತು.

"ಸ್ಟಾರ್ ಕೆಳಗಿಳಿದಿದ್ದೇ ಪ್ರವಾಸಿಗಳು ನಿಂತ್ರು," ಎಂದಳು ಚೈತ್ರ. "ಅತ್ತೆ ಕೇಳಿದ್ರು, ಎಂತ ಬರ್ದಿದಾರೆ ಅಂತ. ಬೈದಿದಾರೆ ಅತ್ತೆ ಅಂದೆ, ಅಷ್ಟೇ. ನಿನ್ನೆ ರಾತ್ರಿ ಮೆಸ್ ಮುಚ್ಚಿದ್ಮೇಲೆ ಮನೆಯೋರೆಲ್ಲರ ಮುಂದೆ ಹೇಳಿದ್ರು, 'ಮನೇಲಿ ಇಂಗ್ಲಿಷ್ ಬರೋದು ನಿಂಗೊಬ್ಳಿಗೇ. ಮೆಸ್ ಮುಚ್ಚಿ ಹೋಂಸ್ಟೇ ಮಾಡಣ ಅಂದಿದ್ದೂ ನೀನೇ. ನನ್ನ ಮೂಲೆಗೆ ಕೂರಿಸಕ್ಕೆ ನೀನೇ ಬರ್ದಿದೀಯ' ಅಂತ. ಇವ್ರು ಅಮ್ಮನ ಮುಂದೆ ಬಾಯೇ ಬಿಡ್ಲಿಲ್ಲ."

ಇವರು ಎಂದರೆ ಅವಳ ಗಂಡ ನವೀನ. ಟ್ಯಾಕ್ಸಿ ಓಡಿಸುತ್ತಾನೆ. ಆಗುಂಬೆ ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ ಬಂದರೂ ಹೆದರದ ಗಂಡಸು, ತಾಯಿಯ ಮುಂದೆ ಮಾತ್ರ ಉಗುಳು ನುಂಗುತ್ತಾನೆ.

ಭಾವ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂತೇನೋ ಎಂದುಕೊಂಡೆ. "ಇನ್ನೊಂದ್ಸಲ ಓದು," ಎಂದರು. ಓದಿದೆ. ಆಮೇಲೆ ಅವರು ಚೈತ್ರಳ ಕಡೆ ತಿರುಗಿ, "ನೀನು ಬಸ್ ಹತ್ತಬೇಡ. ನಾಳೆ ಮಧ್ಯಾಹ್ನದ ತನಕ ನಿನ್ನ ಅರ್ಪಣಕ್ಕನ ಜೊತೆ ಇರು. ಶೃಂಗೇರಿಯಲ್ಲಿ ಯಾರಿಗೂ ನೀನು ಮುನಿಸ್ಕೊಂಡು ಬಂದಿದ್ದು ಗೊತ್ತಾಗೋದು ಬೇಡ," ಎಂದರು. ನನ್ನ ಅರ್ಧ ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಭಾವ ಆಗಲೇ ಹೆಲ್ಮೆಟ್ ಹಾಕಿಕೊಂಡಿದ್ದರು.

ಯಮುನಮ್ಮನ ಮೆಸ್ಸಿಗೆ ನಾವು ಮುಟ್ಟಿದಾಗ ಬೆಳಗಿನ ತಿಂಡಿಯ ಹೊತ್ತು ಇನ್ನೂ ಮುಗಿದಿರಲಿಲ್ಲ. ಸಾಲು ಗೀಲು ಏನೂ ಇಲ್ಲ, ಚೇರುಗಳು ಖಾಲಿ. ಕೈ ತೊಳೆಯಲು ಹೋದೆ. ಆ ಹಳೇ ನಲ್ಲಿಯನ್ನು ತಿರುಗಿಸಿದ್ದೇ ತಡ, ನೀರು ಸೀದಾ ನನ್ನ ಪ್ಯಾಂಟಿನ ಮೇಲೆ! ನೋಡಬಾರದ ಜಾಗದಲ್ಲೆಲ್ಲ ಒದ್ದೆ. ನಾನೇನಾದರೂ ರಿವ್ಯೂ ಬರೆಯುವುದಿದ್ದರೆ ಮೊದಲ ಬೈಗುಳ ಆ ನಲ್ಲಿಗೇ ಬೀಳುತ್ತಿತ್ತು. ಭಾವ ನನ್ನ ಪ್ಯಾಂಟನ್ನೂ ನಲ್ಲಿಯನ್ನೂ ಬಹಳ ಹೊತ್ತು ನೋಡಿ, "ಇದು ಯಾವಾಗಿಂದ ಹೀಗೆ?" ಎಂದು ಕೇಳಿದರು.

"ನವೀನ ಹುಟ್ಟಿದಾಗಿಂದ," ಎಂದು ಕಿಟಕಿ ಹತ್ತಿರದ ಹಳೇ ಮರದ ಬೆಂಚಿನಿಂದ ಯಾರೋ ನಕ್ಕರು.

ಅವರೇ ಧರ್ಮಪ್ಪ. ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು, ಕೆರೆಕಟ್ಟೆ ಕಡೆಯವರು. ಹೆಂಡತಿ ತೀರಿಕೊಂಡ ಮೇಲೆ ಮೂರು ಹೊತ್ತೂ ಇಲ್ಲೇ ಊಟ. ಅವರು ಫೋನನ್ನು ತುಟಿಯ ಹತ್ತಿರ ಹಿಡಿದು, "ಇವತ್ತು ಮ್ಯಾಚ್ ಎಷ್ಟೊತ್ತಿಗೆ?" ಎಂದು ಕೇಳುತ್ತಿದ್ದರು. ಫೋನಿನೊಳಗಿನ ಹೆಂಗಸು ಉತ್ತರ ಹೇಳಿದಳು. "ಟೈಪ್ ಮಾಡಕ್ಕೆ ನನ್ನ ಬೆರಳು ದಪ್ಪ ಮಾರಾಯ. ಬಾಯಲ್ಲಿ ಕೇಳಿದ್ರೆ ಎಂತ ಬೇಕಾದ್ರೂ ಹೇಳುತ್ತೆ ಇದು," ಎಂದು ನನಗೆ ಹೆಮ್ಮೆಯಿಂದ ತೋರಿಸಿದರು.

ಯಮುನಮ್ಮ ಕಡುಬು ತಂದಿಟ್ಟರು. ಮುಖ ಬಾಡಿತ್ತು. ಕಡುಬು ಮಾತ್ರ, ಅಯ್ಯೋ, ಹಲಸಿನ ಎಲೆಯ ಘಮ ಮೂಗಿಗೆ ಬಿದ್ದದ್ದೇ ನನ್ನ ಸಿಟ್ಟೆಲ್ಲ ಇಳಿದುಹೋಯಿತು. "ಚಟ್ನಿ ಒಂದು ಚೂರು ಖಾರ ಜಾಸ್ತಿ ಆಯ್ತೇನೋ," ಎಂದೆ, ಸುಮ್ಮನೆ ಮಾತಿಗೆ.

ಧರ್ಮಪ್ಪನವರ ನಗು ನಿಂತಿತು. "ಉಣ್ಣೋಕೆ ಕೂತು ಅನ್ನಕ್ಕೆ ಕೊಂಕು ತೆಗೀಬಾರ್ದು ಮಾರಾಯ. ನಮ್ಮಪ್ಪ ಆಗಿದ್ರೆ ಎಬ್ಬಿಸಿ ಕಳಿಸ್ತಿದ್ರು," ಎಂದರು. ನನಗೂ ನಾಚಿಕೆಯಾಯಿತು. ನಮ್ಮನೆಯಲ್ಲೂ ಅದೇ ಪಾಠ. ಉಪ್ಪು ಕಡಿಮೆಯಿದ್ದರೆ ಹಾಕಿಸಿಕೊಂಡು ಉಣ್ಣಬೇಕು, ಹೇಳಿ ಉಣ್ಣಬಾರದು.

"ನನ್ನ ಅಡುಗೆಗೆ ಇಂಗ್ಲಿಷಲ್ಲಿ ಉಗ್ದಿದಾರಂತೆ ಮಾರಾಯ್ರೆ," ಎಂದು ಧರ್ಮಪ್ಪ ಎದ್ದು ಹೋದ ಮೇಲೆ ಯಮುನಮ್ಮ ಭಾವನ ಮುಂದೆ ಕೂತರು. "ಈ ಕೈಯಲ್ಲಿ ಎಷ್ಟು ಜನಕ್ಕೆ ಬಡಿಸಿದೀನಿ. ಈಗ ಒಗ್ಗರಣೆ ಹಾಕೋದಕ್ಕೂ ಮನಸ್ಸು ಬರಲ್ಲ. ಭಾನುವಾರ ಬಾಗಿಲು ಹಾಕ್ತೀನಿ. ಸೊಸೆ ಹೋಂಸ್ಟೇ ಮಾಡ್ಕೊಳ್ಳಲಿ."

ಭಾವ ಯಮುನಮ್ಮನ ಸೊಂಟದಲ್ಲಿ ಸಿಕ್ಕಿಸಿದ್ದ ಚಿಕ್ಕ ಬಟನ್ ಫೋನನ್ನೇ ನೋಡಿದರು. ಹೊರಗೆ ಬಂದ ಮೇಲೆ ನಾನು ರೇಗಿದೆ. "ಭಾವ, ಆ ರಿವ್ಯೂನಲ್ಲಿ ಎಲ್ಲೂ—"

"ಬಾಯಿ ಮುಚ್ಚು ಮಾರಾಯ," ಎಂದರು ಮೆತ್ತಗೆ. "ನಿಂಗೂ ಹೊಳೀತಲ್ಲ, ಸಂತೋಷ. ನಾಳೆ ತನಕ ಒಳಗೇ ಇಟ್ಕೋ."

ರಸ್ತೆಯ ಆಚೆ ಬದಿ ವೀರೇಶ್ ಅವರ ಹೊಸ ದೋಸೆ ಹೋಟೆಲು. ದಾವಣಗೆರೆಯವರು. ಕಳ್ಳ ಇವನೇ ಎಂದು ನಾನು ಕೊಪ್ಪದಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ಎದುರಂಗಡಿಯವನಲ್ಲದೆ ಇನ್ಯಾರು? ಒಳಗೆ ಕಾಲಿಟ್ಟರೆ ಅಲ್ಲೂ ಅದೇ ಕಿತ್ತಳೆ ಬಣ್ಣದ ಚೇರು.

"ಶಿವಮೊಗ್ಗದ ಅಂಗಡಿಯಾಗ ಒಟ್ಟಿಗೇ ತಂದ್ವಿ ರೀ, ಆ ಹುಡುಗಿ ಚೈತ್ರನೂ ನಾವೂ," ಎಂದು ವೀರೇಶ್ ನಕ್ಕರು. ರಿವ್ಯೂ ತೋರಿಸಿದಾಗ ನಗು ಇನ್ನೂ ಜೋರಾಯಿತು. "ನನ್ ಮ್ಯಾಲೆ ಅನುಮಾನ ಏನ್ರೀ? ಅಲ್ರೀ, ನಾನಾ ಬರೆಯೋನಿದ್ರ ಕಡುಬಿನಾಗ ಹುಳ ಇತ್ತು ಅಂತ ಬರೀತಿದ್ದೆ. ಒಂದ ದಿನದಾಗ ಬಾಗ್ಲು ಮುಚ್ತಿತ್ತು. ನಾನೂ ಇಟ್ಕೊಂಡಿರೋ ಚೇರಿಗೆ ನಾನಾ ಬೈಕೊಂಡು ಕೂರ್ಲಿ ಏನು?"

ಭಾವ ತಲೆಯಾಡಿಸಿ ಬೆಣ್ಣೆ ದೋಸೆ ಹೇಳಿದರು. ಶತ್ರುವಿನ ದೋಸೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ನನ್ನ ಎರಡನೆಯ ಕಳ್ಳ ಪ್ರಸನ್ನಕುಮಾರ್ ಸರ್. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು, ಯಮುನಮ್ಮನ ಮೆಸ್ಸಿನ ಹಳೇ ಗಿರಾಕಿ. ಅಂಥಾ ಮಾತುಗಳು ಇನ್ಯಾರ ಬಾಯಲ್ಲಿ ಬರಬೇಕು? ಅವರ ಮನೆ ಜಗುಲಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು.

"ಕಣ್ಣಿನ ಆಪರೇಷನ್ ಆಯ್ತಯ್ಯ. ಒಂದು ತಿಂಗಳು ಶಿವಮೊಗ್ಗದಲ್ಲಿ ಮಗಳ ಮನೇಲೇ ಇದ್ದೆ, ಮೊನ್ನೆ ಬಂದೆ," ಎಂದರು. ನಾನು ರಿವ್ಯೂ ಓದಿ ಹೇಳಿದೆ. ಅವರು ಹಲ್ಲುನೋವು ಬಂದವರ ಹಾಗೆ ಮುಖ ಮಾಡಿದರು. "ಬೀಸ್ಟ್ಲಿ ಮೈಕ್? ಮೈಕಿಗೆ ಯಾರಾದ್ರೂ ಬೀಸ್ಟ್ಲಿ ಅಂತಾರೇನಯ್ಯ? ಇಂಗ್ಲಿಷಿನಲ್ಲಿ ಒಂದೊಂದು ಬೈಗುಳಕ್ಕೂ ಅದರದ್ದೇ ಜಾಗ ಇದೆ. ಇವನು ಬೊಗಸೆಯಲ್ಲಿ ಅಕ್ಷತೆ ಎರಚಿದ ಹಾಗೆ ಎರಚಿದಾನೆ. ಅದ್ಸರಿ, ಮೆಸ್ಸಿನಲ್ಲಿ ಮೈಕ್ ಎಲ್ಲಿಂದ ಬಂತು?"

ವಾಪಸ್ ಬರುವಾಗ ಹರಿಹರಪುರ ದಾಟುವಷ್ಟರಲ್ಲಿ ನನಗೆ ಮಿಂಚಿದಂತೆ ಹೊಳೆಯಿತು. ಸ್ಕೂಟರನ್ನು ಬದಿಗೆ ನಿಲ್ಲಿಸಿದೆ. "ಭಾವ! ಯಮುನಮ್ಮನೇ! ಬೈದಿರೋದೆಲ್ಲ ಸೊಸೆ ತಂದಿರೋ ಸಾಮಾನಿಗೆ. ಸೊಸೆ ಮೇಲಿನ ಸಿಟ್ಟು. ಈಗ ಅಳೋ ನಾಟಕ!"

"ಸೊಸೆ ತಂದ ಸಾಮಾನು ಅನ್ನೋದು ಸರಿ," ಎಂದರು ಭಾವ. "ಆದ್ರೆ ಆಯಮ್ಮನ ಹತ್ರ ಇರೋದು ಬಟನ್ ಫೋನು. ಅದ್ರಲ್ಲಿ ಲೂಡೋನೂ ಆಡಕ್ಕಾಗಲ್ಲ. ಸ್ಕೂಟರ್ ಬಿಡು. ಹಸಿವಾಗ್ತಿದೆ."

ಮರುದಿನ ಮಧ್ಯಾಹ್ನ, ಊಟದ ಹೊತ್ತು ಮುಗಿಯುತ್ತಿದ್ದಂತೆ, ಭಾವ ಎಲ್ಲರನ್ನೂ ಮೆಸ್ಸಿಗೆ ಊಟಕ್ಕೆ ಕರೆಸಿದರು. ವೀರೇಶ್, ಪ್ರಸನ್ನಕುಮಾರ್ ಸರ್, ಧರ್ಮಪ್ಪ, ನವೀನ. ಚೈತ್ರ ನಮ್ಮ ಅಕ್ಕನ ಜೊತೆ ಬಂದು ಒಂದು ಮೂಲೆಯಲ್ಲಿ ನಿಂತಳು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅದಕ್ಕೂ ಮೊದಲು ಅಡುಗೆಮನೆಯಲ್ಲಿ ಭಾವನಿಗೂ ಯಮುನಮ್ಮನಿಗೂ ದೊಡ್ಡ ಜಗಳವೇ ಆಗಿತ್ತು. ಭಾವ ಸಾರಿಗೆ ಉಪ್ಪು ಹಾಕಬೇಡಿ ಎಂದಿದ್ದರು. "ಉಪ್ಪಿಲ್ದಿರೋ ಸಾರು ನಾನು ಬಡಿಸೋದಾ? ನನ್ನ ಮರ್ಯಾದೆ ಎಂತ ಆಗ್ಬೇಕು?" ಎಂದು ಯಮುನಮ್ಮ ಸೌಟು ಎತ್ತಿದ್ದರು. ಕೊನೆಗೆ ಒಪ್ಪಿದ್ದು ಹೇಗೋ, ಆ ಗುಟ್ಟು ಭಾವ ನನಗೂ ಹೇಳಿಲ್ಲ.

ಬಡಿಸಿದರು. ಮೊದಲ ತುತ್ತಿಗೇ ವೀರೇಶ್ ಕೈ ನಿಲ್ಲಿಸಿ, "ಯಮುನಮ್ಮಾರೆ, ಸಾರಿಗೆ ಉಪ್ಪಾ ಇಲ್ಲಲ್ರೀ!" ಎಂದರು. ಪ್ರಸನ್ನಕುಮಾರ್ ಸರ್ ಗಂಟಲು ಸರಿಮಾಡಿಕೊಂಡು, "ಇವತ್ತು ಸ್ವಲ್ಪ ಸಪ್ಪೆ ಆದ ಹಾಗಿದೆ," ಎಂದರು. ನವೀನ ಅಮ್ಮನ ಮುಖ ನೋಡಿ ಸುಮ್ಮನಾದ, ಉಣ್ಣಲೂ ಇಲ್ಲ. ಧರ್ಮಪ್ಪ ಮಾತ್ರ ತಲೆಯೆತ್ತದೆ ಉಪ್ಪಿನಕಾಯಿಯ ರಸ ಕಲೆಸಿಕೊಂಡು ಅಷ್ಟನ್ನೂ ಉಂಡರು. "ಯಮುನಕ್ಕ, ಇನ್ನೊಂದು ಸೌಟು ಸಾರು," ಎಂದರು.

ಭಾವ ಕೈ ತೊಳೆದು ಬಂದರು. ನಲ್ಲಿ ಅವರನ್ನೂ ಬಿಡಲಿಲ್ಲ, ಪಂಚೆ ಒದ್ದೆಯಾಗಿತ್ತು. ಹಾಗೆಯೇ ನಿಂತು ಮಾತು ಶುರು ಮಾಡಿದರು.

"ಯಮುನಮ್ಮ, ಮೊದ್ಲು ನಿಮಗೊಂದು ವಿಷಯ. ಈ ಮೂರು ರಿವ್ಯೂನಲ್ಲಿ ನಿಮ್ಮ ಅಡುಗೆ ಬಗ್ಗೆ ಒಂದೇ ಒಂದು ಕೆಟ್ಟ ಮಾತಿಲ್ಲ. ಕಡುಬಿಗಿಲ್ಲ, ಪಲ್ಯಕ್ಕಿಲ್ಲ, ಸಾರಿಗಿಲ್ಲ."

ಯಮುನಮ್ಮ ಸೌಟು ಹಿಡಿದುಕೊಂಡೇ ಕೂತುಬಿಟ್ಟರು. "ಮತ್ತೆ ಎಂತಕ್ಕೆ ಬೈದಿದಾರೆ?"

"ಚೇರಿಗೆ, ಫ್ಯಾನಿಗೆ, ಗೋಡೆಗೆ, ಟೋಕನಿಗೆ, ಮೈಕಿಗೆ. ನಾನು ಮೊದಲು ಯೋಚಿಸಿದ್ದೇ ಅದು. ಮೆಸ್ಸಿಗೆ ಕೆಟ್ಟ ಹೆಸರು ತರೋಕೆ ಹೊರಟವನು ಊಟಕ್ಕೇ ಬೈತಾನೆ. ವೀರೇಶ್ ನಿನ್ನೆ ಅದನ್ನೇ ಹೇಳಿದ್ರು. ಮನಸ್ಸಿದ್ರೆ ಕಡುಬಿನಲ್ಲಿ ಹುಳ ಹಾಕ್ತಿದ್ದೆ ಅಂತ."

"ಮಾತಿಗೆ ಹೇಳಿದ್ದು ರೀ!" ಎಂದು ವೀರೇಶ್ ಗಾಬರಿಯಾದರು.

"ಗೊತ್ತು. ಅದಲ್ಲದೆ ನಿಮ್ಮ ಹೋಟೆಲಲ್ಲೂ ಅದೇ ಚೇರು. ಹಾಗಾಗಿ ನೀವಲ್ಲ. ಬರೆದವನಿಗೆ ಕೋಪ ಬೆಟ್ಟದಷ್ಟಿತ್ತು, ಆದ್ರೂ ಅನ್ನದ ಮೇಲೆ ಮಾತ್ರ ಅವನ ನಾಲಗೆ ಏಳ್ಲಿಲ್ಲ. ಅಂದ್ರೆ ಅವನು ಮುಂಬೈಯಿಂದ ಬಂದ ಟೂರಿಸ್ಟ್ ಅಲ್ಲ. ಉಣ್ಣೋವಾಗ ಕೊಂಕು ತೆಗೀಬಾರ್ದು ಅಂತ ಚಿಕ್ಕಂದಿನಲ್ಲೇ ಬೆನ್ನಿಗೆ ಗುದ್ದಿಸ್ಕೊಂಡು ಕಲಿತ ನಮ್ಮ ಕಡೆಯೋನು. ಎರಡನೇದು ಈ ನಲ್ಲಿ." ಭಾವ ಪಂಚೆ ಹಿಂಡಿದರು. "ಬಂದವರಿಗೆಲ್ಲ ಸ್ನಾನ ಮಾಡಿಸೋ ಈ ನಲ್ಲಿಗೆ ಒಂದೂ ಬೈಗುಳ ಇಲ್ಲ. ಕಾಲು ಅಲ್ಲಾಡೋ ಹಳೇ ಬೆಂಚಿಗೂ ಇಲ್ಲ. ಬೈದಿದ್ದು ಚೈತ್ರ ಬಂದ ಮೇಲೆ ಬಂದ ಸಾಮಾನಿಗೆ ಮಾತ್ರ. ಅಂದ್ರೆ ಹಳೇ ಮೆಸ್ ಹೇಗಿತ್ತೋ ಹಾಗೇ ಬೇಕು ಅನ್ನೋ ಖಾಯಂ ಗಿರಾಕಿ."

ಪ್ರಸನ್ನಕುಮಾರ್ ಸರ್ ಕನ್ನಡಕ ಸರಿಮಾಡಿಕೊಂಡರು. ನಾನು ಅವರನ್ನೇ ದುರುಗುಟ್ಟಿ ನೋಡುತ್ತಿದ್ದೆ.

"ಸಂದೇಶ, ಸರ್ ಅಲ್ಲ ಮಾರಾಯ, ಹಾಗೆ ನೋಡಬೇಡ," ಎಂದರು ಭಾವ. "ಆ ಬೈಗುಳ ಬಂದಿರೋ ಸಾಲು ನೋಡು. ಮೊದಲ ರಿವ್ಯೂನಲ್ಲಿ ಎಲ್ಲ ಎ ಇಂದ ಶುರು. ಎರಡನೇದು ಬಿ, ಬಿ, ಆಮೇಲೆ ಸಿ. ಮೂರನೇದು ಡಿ, ಡಿ, ಇ. ಇಂಗ್ಲಿಷ್ ಬಲ್ಲವನು ಕೋಪ ಬಂದಾಗ ಎಬಿಸಿಡಿ ಕ್ರಮದಲ್ಲಿ ಬೈತಾನಾ? ಇದು ಯಾರೋ ಕೇಳಿ ಕೇಳಿ, ಕೊಟ್ಟಷ್ಟನ್ನ ಕೊಟ್ಟ ಹಾಗೇ ಇಳಿಸ್ಕೊಂಡಿದ್ದು. ಅಲ್ಲಿಗೆ ಸರ್ ಅಲ್ಲ, ಚೈತ್ರನೂ ಅಲ್ಲ. ಚೈತ್ರ ಬರೆಯೋದಾಗಿದ್ರೆ ತಾನೇ ತಂದ ಚೇರಿಗೆ ತಾನೇ ಬೈಯೋ ಹುಚ್ಚು ಯಾಕೆ? ಸರಿಗಂತೂ ಮೈಕ್ ಇದ್ದಿದ್ದೇ ಗೊತ್ತಿಲ್ಲ. ಆ ಮೈಕ್ ಇದ್ದಿದ್ದು ಒಂದೇ ಬೆಳಿಗ್ಗೆ. ಆಗ ಇವರು ಶಿವಮೊಗ್ಗದಲ್ಲಿ ಕಣ್ಣಿಗೆ ಪಟ್ಟಿ ಕಟ್ಕೊಂಡಿದ್ರು."

ಭಾವ ನನ್ನ ಫೋನ್ ತೆಗೆದುಕೊಂಡು ತುಟಿಯ ಹತ್ತಿರ ಹಿಡಿದು ಕೇಳಿದರು. "ಹೊಗಳೋದಕ್ಕೆ ವಿರುದ್ಧವಾಗಿ, ಕೆಟ್ಟದ್ದು ಅನ್ನೋಕೆ ಇಂಗ್ಲಿಷಿನ ಮಾತುಗಳನ್ನ ಎಬಿಸಿಡಿ ಪ್ರಕಾರ ಹೇಳು." ಫೋನಿನೊಳಗಿನ ಹೆಂಗಸು ಸ್ವಲ್ಪವೂ ನಾಚಿಕೆಯಿಲ್ಲದೆ ಶುರು ಮಾಡಿದಳು. "ಅಬಾಮಿನಬಲ್. ಅಪಾಲಿಂಗ್. ಅಟ್ರೋಷಿಯಸ್. ಆಫುಲ್..."

ಕಿಟಕಿ ಹತ್ತಿರದ ಬೆಂಚಿನ ಕಡೆ ಎಲ್ಲರ ಕಣ್ಣು ತಿರುಗಿತು.

"ಫೋನಿಗೆ ಬಾಯಲ್ಲಿ ಕೇಳೋ ಅಭ್ಯಾಸ ಇರೋರು, ಆ ಮೈಕಿನ ಬೆಳಿಗ್ಗೆ ಇಲ್ಲಿ ತಿಂಡಿಗೆ ಬಂದಿದ್ದೋರು, ಹೊಸದೆಲ್ಲ ಬೇಡ ಅನ್ನಿಸಿದ ಹಳೇ ಗಿರಾಕಿ," ಎಂದರು ಭಾವ. "ಕೊನೇಗೆ ಉಪ್ಪಿಲ್ಲದ ಸಾರು ಬಡಿಸಿ ನೋಡ್ದೆ. ಕದ್ದು ಬೈಯೋ ಅವಕಾಶ ಸಿಕ್ಕಾಗಲೂ ಅನ್ನಕ್ಕೆ ಬೈಯದವನು ಎದುರಿಗೆ ಕೂತು ಬೈತಾನಾ ಅಂತ. ಧರ್ಮಪ್ಪನೋರೆ, ಇನ್ನೊಂದು ಸೌಟು ಹಾಕಿಸ್ಕೊಂಡ್ರಲ್ಲ!"

ಧರ್ಮಪ್ಪ ಎದ್ದು ನಿಂತರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ನಾನೇ ಬರ್ದಿದ್ದು," ಎಂದರು. "ಯಮುನಕ್ಕ, ನಮ್ಮನೆಯೋಳು ಹೋದ್ಮೇಲೆ ನನ್ನ ಹೆಸರು ಹಿಡಿದು, ಧರ್ಮಪ್ಪ ಉಂಡ್ಯಾ, ಸಾಕಾ ಅಂತ ಕೇಳೋರು ನೀನೊಬ್ಳೇ ಇದ್ದಿದ್ದು. ಜನ ಜಾಸ್ತಿ ಆದ್ರು, ನೀನು ಒಳಗೇ ಉಳಿದೆ. ಆವತ್ತು ಮೈಕಲ್ಲಿ ನಂಬರ್ ನಲವತ್ತು ಬನ್ನಿ ಅಂತ ಕೂಗಿದ್ರು. ಆ ನಲವತ್ತು ನಾನು. ನನಗೆ ಹೊಟ್ಟೆ ಉರೀತು. ಟೂರಿಸ್ಟ್‌ಗಳು ಹೋದ್ರೆ ಮತ್ತೆ ಮೊದಲಿನ ಹಾಗೆ ಆಗುತ್ತೆ ಅಂದ್ಕೊಂಡೆ."

"ನನ್ನ ಮೇಲೆ ಬಂತಲ್ಲ ಧರ್ಮಪ್ಪಣ್ಣ," ಎಂದಳು ಚೈತ್ರ. "ನಾನು ಗಂಡನ ಮನೆ ಬಿಟ್ಟು ಹೊರಟಿದ್ದೆ."

ಧರ್ಮಪ್ಪನವರ ಮುಖ ಬಿಳಿಚಿತು. "ಅಯ್ಯೋ ಕೂಸೇ, ನೀನು ಅಮ್ಮನ ಮನೆಗೆ ಯಾವುದೋ ಕಾರ್ಯಕ್ಕೆ ಹೋಗಿದೀಯ ಅಂದ್ಕೊಂಡಿದ್ದೆ. ಗೊತ್ತಿದ್ರೆ ನಿನ್ನೆಯೇ ಕಾಲಿಗೆ ಬೀಳ್ತಿದ್ದೆ," ಎಂದು ನಿಜವಾಗಿಯೂ ಬಗ್ಗಲು ಹೊರಟರು. ಚೈತ್ರ ಹಿಂದೆ ಸರಿದಳು. ನಾನು ಆ ಕೂಡಲೇ ಅವರ ಫೋನ್ ಕಿತ್ತುಕೊಂಡು ಮಿಸ್ಟರ್ ಟೂರಿಸ್ಟ್, ಮಿಸ್ಟರ್ ಟ್ರಾವೆಲರ್, ಮಿಸ್ಟರ್ ವಿಸಿಟರ್ ಮೂವರನ್ನೂ ಅಳಿಸಿಹಾಕಿದೆ. ನನ್ನ ಜನ್ಮದಲ್ಲಿ ಯಾವ ರಿಪೇರಿಯೂ ಅಷ್ಟು ಸುಖ ಕೊಟ್ಟಿರಲಿಲ್ಲ.

"ಪಾಪಿ, ಹೆಸರು ಹಿಡಿದು ಕರೀಬೇಕಿದ್ರೆ ಬಾಯಿ ಬಿಟ್ಟು ಹೇಳಕ್ಕೆ ಎಂತ ಧಾಡಿ ನಿನಗೆ?" ಎಂದು ಯಮುನಮ್ಮ ಧರ್ಮಪ್ಪನನ್ನು ಚೆನ್ನಾಗಿ ಝಾಡಿಸಿದರು. ಅದೆಲ್ಲ ಅಪ್ಪಟ ಕನ್ನಡದಲ್ಲಿ. ಪ್ರಸನ್ನಕುಮಾರ್ ಸರ್ ಮೆಚ್ಚಿ ತಲೆದೂಗುತ್ತಿದ್ದರು. ಆಮೇಲೆ ಯಮುನಮ್ಮ ಸೌಟನ್ನು ಮೇಜಿನ ಮೇಲಿಟ್ಟು ಸೊಸೆಯ ಮುಂದೆ ಹೋಗಿ ನಿಂತರು. ಈಗ ಎಂತ ಮಾಡುತ್ತಾರೋ ಎಂದು ನವೀನ ಉಗುಳು ನುಂಗಿದ.

"ಇವನಾದ್ರೂ ಕದ್ದು ಬರ್ದ," ಎಂದರು ಯಮುನಮ್ಮ. "ನಾನು ಎಲ್ಲರ ಮುಂದೆ ನಿನ್ನ ಮುಖಕ್ಕೇ ಅಂದುಬಿಟ್ಟೆ. ನನ್ನ ಜೊತೆ ಒಲೆ ಮುಂದೆ ಬೆಂದ ಹುಡುಗೀನ ನಂಬ್ಲಿಲ್ಲ. ತಪ್ಪಾಯ್ತು ಚೈತ್ರ. ಎಲ್ಲರ ಮುಂದೆ ಅಂದಿದ್ದು, ಎಲ್ಲರ ಮುಂದೇ ಹೇಳ್ತೀನಿ, ತಪ್ಪಾಯ್ತು."

ಚೈತ್ರ ಅಳು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡಳು. "ನಾನೂ ಸರಿಯಾಗಿ ಓದಿ ಹೇಳ್ಬೇಕಿತ್ತು ಅತ್ತೆ. ಬೈದಿದ್ದೆಲ್ಲ ನಾನು ತಂದ ಸಾಮಾನಿಗೆ. ನಿಮ್ಮ ಮುಂದೆ ಓದಕ್ಕೆ ನಾಚಿಕೆ ಆಯ್ತು. ಅದಕ್ಕೇ ಬೈದಿದಾರೆ ಅಂತ ಅಷ್ಟೇ ಹೇಳಿ ಮುಚ್ಚಿಟ್ಟೆ."

"ಅಮ್ಮಾ, ನಾನೂ ಆವತ್ತು ಮಾತಾಡ್ಬೇಕಿತ್ತು," ಎಂದು ಹಿಂದಿನಿಂದ ಒಂದು ಸಣ್ಣ ಧ್ವನಿ ಬಂತು. ನವೀನನದು. ಅಕ್ಕ ಅರ್ಪಣಾ ಅವನನ್ನು ನೋಡಿದ ನೋಟಕ್ಕೆ ಅವನು ಮತ್ತೆ ಒಂದು ಹೆಜ್ಜೆ ಹಿಂದೆ ಹೋದ.

ಯಮುನಮ್ಮ ಮಗನ ಕಡೆ ತಿರುಗಲೇ ಇಲ್ಲ. ಸೊಸೆಯ ಕೆನ್ನೆಯನ್ನು ತಮ್ಮ ಸೆರಗಿನಿಂದ ಒರೆಸಿದರು. "ಭಾನುವಾರ ಬಾಗಿಲು ಗೀಗಿಲು ಹಾಕೋದಿಲ್ಲ. ಚೇರು ಇರಲಿ, ಕೂತ್ಕೊಳ್ಳೋಕೆ ಚೆನ್ನಾಗೇ ಇದೆ. ಇನ್ಮೇಲೆ ಈ ಮೆಸ್ಸಿನ ಬಗ್ಗೆ ಯಾರು ಎಂತ ಬರೆದ್ರೂ ನನ್ನ ಪಕ್ಕ ಕೂತು ಅಷ್ಟನ್ನೂ ಓದಿ ಹೇಳು. ಒಳ್ಳೇದಾದ್ರೆ ಇಬ್ಬರೂ ಹಿಗ್ಗೋಣ. ಬೈಗುಳ ಆದ್ರೆ ಇಬ್ಬರೂ ಸೇರಿ ಬೈಸ್ಕೊಳ್ಳೋಣ."

ಚೈತ್ರ ಅಳುತ್ತಲೇ ನಕ್ಕಳು, ಅತ್ತೆಯ ಕೈ ಹಿಡಿದುಕೊಂಡು ಅಡುಗೆಮನೆಯೊಳಗೆ ಹೋದಳು. ಒಳಗಿನಿಂದ ಇಬ್ಬರ ಮಾತೂ ಒಟ್ಟಿಗೆ ಕೇಳತೊಡಗಿತು.